ಉತ್ತರವಿರುವ ಮೂದಲಿಕೆ

ಕರಾವಳಿಯ ಯಕ್ಷಗಾನ ಮೇಳಗಳು ಪತ್ತನಾಜೆಗೆ, ಅಂದರೆ ವೃಷಭ ಮಾಸದ ಹತ್ತನೆಯ ದಿನಕ್ಕೆ, ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಕಲಾವಿದರಲ್ಲಿ ಹಲವರು ಮುಂಬಯಿಯ ದಾರಿ ಹಿಡಿಯುವುದು ಹಳೆಯ ವಾಡಿಕೆ. ಮಳೆಗಾಲದಲ್ಲಿ ಬಯಲಾಟಕ್ಕೆ ಎಡೆಯಿಲ್ಲ. ಆದರೆ ವೇಷ, ಬಣ್ಣ, ಕುಣಿತ ಯಾವುದೂ ಇಲ್ಲದೆ ಕುಳಿತಲ್ಲೇ ನಡೆಯುವ ತಾಳಮದ್ದಳೆಗೆ ನೆನೆಯದ ಒಂದು ಚಾವಣಿ, ನಾಲ್ಕಾರು ಬಲ್ಲ ಅರ್ಥಧಾರಿಗಳು ಮತ್ತು ಪುರಾಣಕಥೆಯ ಪರಿಚಯವಿರುವ ಶ್ರೋತೃಗಳು ಇದ್ದರೆ ಸಾಕು. ಸಯನ್, ಮಾಟುಂಗಾ, ವಡಾಲಾ, ಮಾಹಿಮ್‌ಗಳಿಂದ ಹಿಡಿದು ಉಪನಗರಗಳವರೆಗೆ ಹಬ್ಬಿರುವ ಕನ್ನಡಿಗರ ಸಂಘಸಂಸ್ಥೆಗಳು ಈ ಮೂರನ್ನೂ ಒದಗಿಸುತ್ತ ಬಂದಿರುವುದರಿಂದ, ಎದುರಾಳಿಯನ್ನು ಮಾತಿನಲ್ಲೇ ಕೆಣಕಿ, ಕುಟುಕಿ, ತಲೆ ತಗ್ಗಿಸುವಂತೆ ಮಾಡಿಯೂ ಕೇಳಿದವರೆಲ್ಲರಿಂದ ಮೆಚ್ಚುಗೆ ಪಡೆಯುವ ಒಂದು ಅಪರೂಪದ ವಿದ್ಯೆ ಈ ನಗರದಲ್ಲಿ ಇಂದಿಗೂ ಉಳಿದಿದೆ. ಜಾಣ್ಮೆಯ ಮೂದಲಿಕೆ ಎಂಬುದು ನಾಲಗೆಯ ಹರಿತಕ್ಕಿಂತ ಹೆಚ್ಚಾಗಿ ಕಟ್ಟುಪಾಡುಗಳ ಫಲ ಎಂಬುದನ್ನು ತಿಳಿಯಲು ತಾಳಮದ್ದಳೆಯಷ್ಟು ಒಳ್ಳೆಯ ನಿದರ್ಶನ ಕನ್ನಡದಲ್ಲಿ ಇನ್ನೊಂದಿಲ್ಲ.

ತಾಳಮದ್ದಳೆಯ ಪ್ರಾಚೀನತೆಗೆ ಬಳ್ಳಾರಿ ಸೀಮೆಯ ಕುರುಗೋಡಿನ 1556ರ ಶಾಸನವನ್ನು ಆಧಾರವಾಗಿ ಕೊಡುವುದುಂಟು. ದೇವಸ್ಥಾನದಲ್ಲಿ ತಾಳಮದ್ದಳೆ ನಡೆಸುವವರಿಗೆ ಭೂಮಿ ಬಿಟ್ಟುಕೊಟ್ಟ ಸಂಗತಿ ಅದರಲ್ಲಿದೆ. ಅದರ ಇಂದಿನ ರೂಪ ಹೀಗಿದೆ: ಭಾಗವತರು ಪ್ರಸಂಗದ, ಅಂದರೆ ಹಾಡುಗಳಲ್ಲಿ ಕಟ್ಟಿದ ಕಥೆಯ, ಒಂದೊಂದು ಪದ್ಯವನ್ನು ಮದ್ದಳೆ, ಚೆಂಡೆಗಳೊಂದಿಗೆ ಹಾಡುತ್ತಾರೆ, ಎದುರುಬದುರಾಗಿ ಕುಳಿತ ಅರ್ಥಧಾರಿಗಳು, ಅಂದರೆ ಪಾತ್ರವನ್ನು ಮಾತಿನಲ್ಲಿ ವಹಿಸಿಕೊಂಡವರು, ಆ ಪದ್ಯದ ಎಳೆಯನ್ನು ಹಿಡಿದು ಗದ್ಯದಲ್ಲಿ ಆಶುವಾಗಿ ವಾದ ಬೆಳೆಸುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ, ತಾಲೀಮು ಇಲ್ಲ, ಎದುರಿನವನು ಯಾವ ಪ್ರಶ್ನೆ ಎತ್ತುತ್ತಾನೆಂಬ ಸುಳಿವೂ ಇಲ್ಲ. ಪದ್ಯದಲ್ಲಿ ನಾಲ್ಕು ಸಾಲಿನಷ್ಟೇ ಇರುವ ತಿರಸ್ಕಾರವನ್ನು ಅರ್ಧ ಗಂಟೆಯ ವಾಗ್ವಾದವಾಗಿ ಹಿಗ್ಗಿಸುವುದು ಅರ್ಥಧಾರಿಯ ಸಾಮರ್ಥ್ಯಕ್ಕೆ ಬಿಟ್ಟದ್ದಾದರೂ, ಕಥೆಯ ಕೊನೆ ಮಾತ್ರ ಅವನ ಕೈಯಲ್ಲಿಲ್ಲ. ವಾಲಿ ಎಷ್ಟೇ ಸಮರ್ಥವಾಗಿ ರಾಮನನ್ನು ತರಾಟೆಗೆ ತೆಗೆದುಕೊಂಡರೂ ಸಾಯಲೇಬೇಕು. ಕೌರವ ಎಷ್ಟೇ ಸೊಗಸಾಗಿ ಕೃಷ್ಣನನ್ನು ಹಂಗಿಸಿದರೂ ಸಂಧಾನ ಮುರಿದುಬಿದ್ದು ಯುದ್ಧವೇ ಗತಿಯಾಗಬೇಕು. ಮಾತಿನಲ್ಲಿ ಗೆದ್ದವನು ಕಥೆಯಲ್ಲಿ ಸೋಲಬಹುದು, ಕಥೆಯಲ್ಲಿ ಗೆದ್ದವನು ಮಾತಿನಲ್ಲಿ ಸೋಲಬಹುದು ಎಂಬ ಈ ಏರ್ಪಾಡೇ ಮೂದಲಿಕೆಗೆ ಮೊದಲ ಸ್ವಾತಂತ್ರ್ಯ ಕೊಡುತ್ತದೆ, ಏಕೆಂದರೆ ಇಲ್ಲಿ ಮಾತಿನ ಗೆಲುವಿನಿಂದ ಯಾರ ಆಸ್ತಿಯೂ ಹೋಗುವುದಿಲ್ಲ.

ಈ ಕಲೆ ಮುಂಬಯಿಗೆ ಬಂದದ್ದು ಹೋಟೆಲು, ಕಾರ್ಖಾನೆ ಮತ್ತು ಕಚೇರಿಗಳ ಕೆಲಸ ಹುಡುಕಿಕೊಂಡು ಬಂದ ದಕ್ಷಿಣ ಕನ್ನಡ ಜಿಲ್ಲೆಯವರ ಜತೆಯಲ್ಲಿ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಆರಂಭವಾದವು. ದಕ್ಷಿಣ ಕನ್ನಡದ ಬ್ರಾಹ್ಮಣರು ಕಟ್ಟಿಕೊಂಡ ಬಿ.ಎಸ್.ಕೆ.ಬಿ. ಅಸೋಸಿಯೇಷನ್ನಿನ ‘ಗೋಕುಲ’ ಸಯನ್ನಿನಲ್ಲಿದೆ, ಗೋಪಾಲಕೃಷ್ಣ ದೇವರ ಸನ್ನಿಧಿಯೂ ಅಲ್ಲೇ ಇದೆ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ಸಂಜೆ ಕನ್ನಡದ ರಾತ್ರಿಶಾಲೆಗಳಲ್ಲಿ ಓದಿದ ತಲೆಮಾರೊಂದು ಈ ನಗರದಲ್ಲಿತ್ತು. ತಾಳಮದ್ದಳೆಯ ಶ್ರೋತೃವರ್ಗಕ್ಕೂ ಹವ್ಯಾಸಿ ಅರ್ಥಧಾರಿಗಳ ಸಾಲಿಗೂ ಜನ ಬಂದದ್ದು ಬಹುಪಾಲು ಆ ತಲೆಮಾರಿನಿಂದ. ಗುರುನಾರಾಯಣ ಯಕ್ಷಗಾನ ಮಂಡಳಿಯಂಥ ಸಂಸ್ಥೆಗಳು ನಗರದಲ್ಲಿಯೇ ಬೇರೂರಿದವು. ಅಜೆಕಾರು ಕಲಾಭಿಮಾನಿ ಬಳಗ ಊರಿನ ಪ್ರಸಿದ್ಧರನ್ನು ಕರೆಸಿ ಸರಣಿ ಕೂಟಗಳನ್ನು ನಡೆಸುತ್ತ ಬಂದಿದೆ. ದಿನವಿಡೀ ಗಲ್ಲೆಯ ಮೇಲೆ ಕುಳಿತವನ, ಗಿರಾಕಿಯ, ಚಾಳಿನ ಮಾಲೀಕನ ಮಾತನ್ನು ಮರುಮಾತಿಲ್ಲದೆ ಕೇಳಿಸಿಕೊಂಡ ಮನುಷ್ಯನಿಗೆ, ಬೈದವನಿಗೆ ಬೈಸಿಕೊಂಡವನು ಅಷ್ಟೇ ಹೊತ್ತು, ಅಷ್ಟೇ ಗಟ್ಟಿಯಾಗಿ ಉತ್ತರ ಕೊಡಬಲ್ಲ ಒಂದು ಸಭೆ ಏಕೆ ಹಿತವಾಗಿತ್ತೆಂದು ಊಹಿಸುವುದು ಕಷ್ಟವಲ್ಲ.

ಮೂದಲಿಕೆಯ ಕಟ್ಟೋಣವನ್ನು ವಿವರಿಸಲು ಎರಡು ಕಡೆಯ ಶಾಸ್ತ್ರ ನೆರವಿಗೆ ಬರುತ್ತದೆ. ಸಿಗ್ಮಂಡ್ ಫ್ರಾಯ್ಡ್ 1905ರಲ್ಲಿ ಹಾಸ್ಯೋಕ್ತಿಗಳ ಬಗ್ಗೆ ಬರೆದ ಗ್ರಂಥದಲ್ಲಿ, ಗುರಿಯಿಟ್ಟು ಹೇಳಿದ ಚಟಾಕಿಗೆ ಮೂರು ಜನ ಬೇಕೆಂದು ತೋರಿಸಿದ್ದಾರೆ: ಹೇಳುವವನು, ಯಾರ ಬಗ್ಗೆ ಹೇಳಲಾಯಿತೋ ಅವನು, ಕೇಳಿ ನಗುವ ಮೂರನೆಯವನು. ಈ ಮೂರನೆಯವನು ಇಲ್ಲದಿದ್ದರೆ ಮೂದಲಿಕೆ ಇಬ್ಬರ ಜಗಳವಾಗಿ ಮುಗಿಯುತ್ತದೆ. ಆತ ಇದ್ದಾಗ ಹೇಳುವವನಿಗೆ ಎದುರಾಳಿಯನ್ನು ನೋಯಿಸುವುದಕ್ಕಿಂತ ಸಭೆಯನ್ನು ಒಲಿಸಿಕೊಳ್ಳುವುದು ಮುಖ್ಯವಾಗುತ್ತದೆ, ಸಭೆ ಒಲಿಯಬೇಕಾದರೆ ಮಾತಿನಲ್ಲಿ ಸಿಟ್ಟಿಗಿಂತ ಬುದ್ಧಿ ಹೆಚ್ಚಿರಬೇಕಾಗುತ್ತದೆ. ಭಾರತೀಯ ಅಲಂಕಾರಶಾಸ್ತ್ರ ಇದೇ ಸಂಗತಿಯನ್ನು ಮಾತಿನ ಕಡೆಯಿಂದ ನೋಡಿತು. ಮೇಲುನೋಟಕ್ಕೆ ಹೊಗಳಿಕೆ, ಒಳಗೆ ತೆಗಳಿಕೆ, ಅಥವಾ ಅದರ ತಿರುವುಮುರುವಾದದ್ದು ವ್ಯಾಜಸ್ತುತಿ. ಒಬ್ಬನು ಒಂದರ್ಥದಲ್ಲಿ ಆಡಿದ ಮಾತನ್ನು ಇನ್ನೊಬ್ಬನು ಬೇಕೆಂದೇ ಬೇರೆ ಅರ್ಥಕ್ಕೆ ತಿರುಗಿಸಿ ಉತ್ತರಿಸುವುದು ವಕ್ರೋಕ್ತಿ. ರುದ್ರಟನೆಂಬ ಆಲಂಕಾರಿಕ ಇದನ್ನು ಎರಡಾಗಿ ವಿಂಗಡಿಸಿ, ಪದದ ಎರಡರ್ಥದ ಬಲದಿಂದ ತಿರುಗಿಸಿದರೆ ಶ್ಲೇಷವಕ್ರೋಕ್ತಿ, ದನಿಯ ಏರಿಳಿತದ ಬಲದಿಂದ ತಿರುಗಿಸಿದರೆ ಕಾಕುವಕ್ರೋಕ್ತಿ ಎಂದ. ‘ನೀನು ಬಹಳ ದೊಡ್ಡವನು’ ಎಂಬ ವಾಕ್ಯ ಯಾವ ದನಿಯಲ್ಲಿ ಬಂದರೆ ಗೌರವ, ಯಾವ ದನಿಯಲ್ಲಿ ಬಂದರೆ ಅವಮಾನ ಎಂಬುದನ್ನು ಯಾವ ಕನ್ನಡಿಗನಿಗೂ ಹೇಳಿಕೊಡಬೇಕಾಗಿಲ್ಲ. ಹರಿದಾಸರಂತೂ ದೇವರನ್ನೇ ಕಳ್ಳ, ದನ ಕಾಯುವವನು, ಬೇಡುವವನು ಎಂದು ಹಾಡಿ ನಿಂದಾಸ್ತುತಿಯೆಂಬ ಪ್ರಕಾರವನ್ನೇ ಬೆಳೆಸಿದರು. ಗೋಪಾಲಕೃಷ್ಣನ ಗುಡಿಯ ಭಜನೆಯಲ್ಲಿ ಭಕ್ತರು ಕೈಮುಗಿದು ಹಾಡುವ ಪದಗಳಲ್ಲಿ ಕೆಲವು, ಅಕ್ಷರಶಃ ತೆಗೆದುಕೊಂಡರೆ, ದೂರುಪಟ್ಟಿಗಳೇ.

ಈ ಶಾಸ್ತ್ರವೆಲ್ಲ ಬಳಕೆಗೆ ಬರುವುದನ್ನು ನೋಡಲು ಅಂಗದ ಸಂಧಾನ ಪ್ರಸಂಗಕ್ಕಿಂತ ಒಳ್ಳೆಯದಿಲ್ಲ. ಯುದ್ಧಕ್ಕೆ ಮುನ್ನ ರಾಮನ ದೂತನಾಗಿ ವಾಲಿಯ ಮಗ ಅಂಗದ ರಾವಣನ ಸಭೆಗೆ ಬರುತ್ತಾನೆ. ದೂತನನ್ನು ಕೊಲ್ಲಬಾರದೆಂಬ ರಾಜಧರ್ಮ ಅವನ ಬೆನ್ನಿಗಿದೆ, ಆದ್ದರಿಂದ ನಾಲಗೆಗೆ ಅಂಕೆಯಿಲ್ಲ. ಎದುರಿಗಿರುವವನು ಒಂದು ಕಾಲಕ್ಕೆ ತನ್ನ ತಂದೆಯ ಕಂಕುಳಲ್ಲಿ ಸಿಕ್ಕಿ ಸಮುದ್ರ ಸಮುದ್ರಗಳಲ್ಲಿ ಮುಳುಗೆದ್ದವನು. ಅವನ ಹತ್ತು ತಲೆಗಳನ್ನು ಆಟಿಕೆಯಾಗಿ ತನ್ನ ತೊಟ್ಟಿಲಿಗೆ ಕಟ್ಟಲಾಗಿತ್ತೆಂಬ ಕಥೆಯೂ ಪರಂಪರೆಯಲ್ಲಿದೆ. ಈ ಹಳೆಯ ಸಂಗತಿಯನ್ನು ‘ನೀನು ಸೋತವನು’ ಎಂದು ನೇರವಾಗಿ ಹೇಳಿದರೆ ಅದು ವರದಿಯಾಗುತ್ತದೆಯೇ ಹೊರತು ಮೂದಲಿಕೆಯಾಗುವುದಿಲ್ಲ. ಉತ್ತರ ಭಾರತದ ತುಳಸೀದಾಸರ ರಾಮಾಯಣದಲ್ಲಿ ಅಂಗದ ಹಿಡಿಯುವ ದಾರಿ ಬೇರೆ: ರಾವಣರೆಂಬವರು ಲೋಕದಲ್ಲಿ ಹಲವರಿದ್ದಾರೆಂದು ಕೇಳಿದ್ದೇನೆ, ಬಲಿಯನ್ನು ಗೆಲ್ಲಲು ಪಾತಾಳಕ್ಕೆ ಹೋಗಿ ಮಕ್ಕಳ ಕೈಗೆ ಸಿಕ್ಕಿ ಲಾಯದಲ್ಲಿ ಕಟ್ಟಿಸಿಕೊಂಡವನೊಬ್ಬ, ಕಾರ್ತವೀರ್ಯ ಹಿಡಿದು ತಂದವನೊಬ್ಬ, ವಾಲಿಯ ಕಂಕುಳಲ್ಲಿದ್ದವನೊಬ್ಬ, ಇವರಲ್ಲಿ ತಾವು ಯಾರು ಎಂಬ ಅರ್ಥದಲ್ಲಿ ಅವನು ವಿಚಾರಿಸುತ್ತಾನೆ. ಒಂದೂ ಬೈಗುಳದ ಪದವಿಲ್ಲ, ದನಿಯಲ್ಲಿ ಅಪರಿಚಿತನ ಸೌಜನ್ಯವಿದೆ, ಆದರೆ ರಾವಣ ಏನೇ ಹೇಳಿದರೂ ಮೂರರಲ್ಲಿ ಒಂದು ಸೋಲನ್ನು ಒಪ್ಪಿಕೊಂಡಂತೆ. ಗುರಿಯಾದವನೇ ತನ್ನ ಅವಮಾನದ ಕೊನೆಯ ತುಂಡನ್ನು ತಾನಾಗಿ ಜೋಡಿಸಿಕೊಳ್ಳುವಂತೆ ಮಾಡುವುದು ಇದರ ಗುಟ್ಟು.

ತಾಳಮದ್ದಳೆಯಲ್ಲಿ ಇಷ್ಟಕ್ಕೇ ಮಾತು ನಿಲ್ಲುವುದಿಲ್ಲ, ಏಕೆಂದರೆ ರಾವಣನ ಪಾತ್ರಧಾರಿಯೂ ಅಷ್ಟೇ ಓದಿಕೊಂಡು ಬಂದವನು. ಅವನ ಕೈಯಲ್ಲೊಂದು ಬಲವಾದ ಅಸ್ತ್ರವಿದೆ: ಅಂಗದ ಬಂದಿರುವುದು ತನ್ನ ತಂದೆಯನ್ನು ಮರೆಯಲ್ಲಿ ನಿಂತು ಕೊಂದವನ ದೂತನಾಗಿ. ವಾದ ಹೇಗೆ ಬೆಳೆಯುತ್ತದೆಂಬುದನ್ನು ತೋರಿಸಲು ಒಂದು ಮಾದರಿಯನ್ನು ಇಲ್ಲಿ ಕಟ್ಟಿಕೊಡಬಹುದು. ಇದು ಯಾವುದೇ ಕೂಟದ ದಾಖಲೆಯಲ್ಲ, ಪದ್ಧತಿಯ ಪರಿಚಯಕ್ಕಾಗಿ ರಚಿಸಿಕೊಂಡದ್ದು. 

ರಾವಣ ಹೇಳುತ್ತಾನೆ: ‘ತಂದೆಯನ್ನು ಕೊಂದವನ ಚಾಕರಿಗೆ ನಿಂತ ಮಗನಿಗೆ ಲಂಕೆಯ ಬಾಗಿಲು ತೆರೆದದ್ದೇ ಹೆಚ್ಚಾಯಿತು. ಕುಳಿತುಕೊಳ್ಳಲು ಪೀಠ ಬೇರೆ ಬೇಕೇ?’

ಅಂಗದ ಉತ್ತರಿಸುತ್ತಾನೆ: ‘ಪೀಠದ ಮಾತು ಹಾಗಿರಲಿ, ಲಂಕೇಶ್ವರ. ನನ್ನ ತಂದೆ ನಿನಗೆ ಕಂಕುಳಲ್ಲೇ ಜಾಗ ಮಾಡಿಕೊಟ್ಟ. ಅಂಥ ಆತಿಥ್ಯ ಎಲ್ಲರಿಂದ ಆಗುವಂಥದಲ್ಲ ಎಂದು ಬಲ್ಲೆ. ಇನ್ನು ಚಾಕರಿಯ ಮಾತು. ತಮ್ಮನ ಹೆಂಡತಿಯನ್ನು ತನ್ನ ಮನೆಯಲ್ಲಿಟ್ಟುಕೊಂಡದ್ದಕ್ಕೆ ನನ್ನ ತಂದೆ ದಂಡ ತೆತ್ತ. ಪರರ ಹೆಂಡತಿಯನ್ನು ತನ್ನ ವನದಲ್ಲಿಟ್ಟುಕೊಂಡವನಿಗೆ ಆ ದಂಡದ ಲೆಕ್ಕವನ್ನು ಮುಂಚಿತವಾಗಿ ತಿಳಿಸಬೇಕಾದರೆ, ತೆತ್ತವನ ಮಗನಿಗಿಂತ ತಕ್ಕ ದೂತ ರಾಮನಿಗೆ ಎಲ್ಲಿ ಸಿಕ್ಕಿಯಾನು?’

ರಾವಣ ಸುಮ್ಮನಿರುವುದಿಲ್ಲ: ‘ತಂದೆಯ ತಪ್ಪನ್ನು ಪರರ ಸಭೆಯಲ್ಲಿ ಇಷ್ಟು ಸ್ಪಷ್ಟವಾಗಿ ಒಪ್ಪಿಕೊಂಡ ಮಗನನ್ನು ಈವರೆಗೆ ಕಂಡಿರಲಿಲ್ಲ. ನನಗೂ ಒಬ್ಬ ಮಗನಿದ್ದಾನೆ, ಇಂದ್ರಜಿತು. ನನ್ನ ತಪ್ಪನ್ನೂ ತನ್ನದೆಂದು ಹೊತ್ತಾನು, ಹೊರಗಿನವರ ಮುಂದೆ ಬಿಚ್ಚಿಡಲಾರ. ವಾಲಿಗೆ ಆ ಭಾಗ್ಯ ಇರಲಿಲ್ಲ.’

ಇಲ್ಲಿ ಗಮನಿಸಬೇಕಾದದ್ದು, ಅಂಗದನು ತನ್ನ ಮೇಲೆ ಬಂದ ಆರೋಪವನ್ನು ಅಲ್ಲಗಳೆಯಲಿಲ್ಲ. ಅದನ್ನೇ ಎತ್ತಿಕೊಂಡು ತನ್ನ ಅರ್ಹತೆಯ ಪ್ರಮಾಣಪತ್ರವಾಗಿ ಮಾಡಿಕೊಂಡ. ರಾವಣನೂ ಆ ಉತ್ತರವನ್ನು ತಳ್ಳಿಹಾಕದೆ ಅದರೊಳಗಿನ ಒಂದು ಬಿರುಕನ್ನು, ಅಂದರೆ ತಂದೆಯ ತಪ್ಪಿನ ಒಪ್ಪಿಗೆಯನ್ನು, ಹಿಡಿದು ಅಗಲಿಸಿದ. ಎದುರಾಳಿಯ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಳ್ಳದವನಿಂದ ಇದು ಸಾಧ್ಯವಾಗುವುದಿಲ್ಲ. ಕೂಟದಲ್ಲಿ ಅರ್ಥಧಾರಿಯ ಮುಖ್ಯ ಅಂಗ ನಾಲಗೆಯಲ್ಲ, ಕಿವಿ. ಎದುರಿನವರು ಮಾತಾಡುತ್ತಿರುವಾಗ ತನ್ನ ಮುಂದಿನ ಮಾತನ್ನು ಮನಸ್ಸಿನಲ್ಲಿ ಉರುಹೊಡೆಯುತ್ತ ಕುಳಿತವನು ಮೊದಲ ಸುತ್ತಿನಲ್ಲೇ ಸಿಕ್ಕಿಬೀಳುತ್ತಾನೆ. ಶ್ರೋತೃಗಳಿಗೆ ಅದು ಕೂಡಲೇ ತಿಳಿಯುತ್ತದೆ, ಅವರು ಜಮಖಾನದ ಮೇಲೆ ಕುಳಿತಲ್ಲೇ ಸ್ವಲ್ಪ ಅಲುಗಾಡುತ್ತಾರೆ.

ಇಪ್ಪತ್ತನೆಯ ಶತಮಾನದ ಅರ್ಥಗಾರಿಕೆ ಈ ಕಲೆಯಲ್ಲಿ ಒಂದೇ ಅಚ್ಚಿನವರನ್ನು ಕೊಡಲಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ರಾವಣ, ವಾಲಿ ಮೊದಲಾದ ಪ್ರತಿನಾಯಕರ ಪಾತ್ರಗಳಿಗೆ ತರ್ಕದ ಬಲ ತುಂಬಿ, ಖಳನೆಂದು ಸಭೆ ಮೊದಲೇ ತೀರ್ಮಾನಿಸಿಕೊಂಡವನ ಬಾಯಿಂದ ನಾಯಕನಿಗೆ ಉತ್ತರಿಸಲು ಕಷ್ಟವಾಗುವ ಪ್ರಶ್ನೆ ಕೇಳಿಸಿದವರು. ಕುಂಬಳೆ ಸುಂದರ ರಾವ್ (1934–2022) ಪ್ರಾಸಬದ್ಧವಾಗಿ ಹರಿಯುವ ಮಾತಿನ ಓಟಕ್ಕೆ ಹೆಸರಾದವರು; 1994ರ ಚುನಾವಣೆಯಲ್ಲಿ ಸುರತ್ಕಲ್ ಕ್ಷೇತ್ರದಿಂದ ಗೆದ್ದು ಶಾಸಕರೂ ಆಗಿದ್ದರು. ವಿಧಾನಸಭೆಯ ಕಲಾಪಗಳನ್ನು ಇಂದು ನೋಡುವವರಿಗೆ, ಅಲ್ಲಿಗೆ ಇನ್ನೂ ನಾಲ್ಕು ಜನ ಅರ್ಥಧಾರಿಗಳನ್ನು ಕಳಿಸಿದ್ದರೆ ಬೈಗುಳದ ಮಟ್ಟವಾದರೂ ಸುಧಾರಿಸುತ್ತಿತ್ತೇನೋ ಅನ್ನಿಸಿದರೆ ಆಶ್ಚರ್ಯವಿಲ್ಲ. ದೇರಾಜೆ ಸೀತಾರಾಮಯ್ಯನವರ ದಾರಿ ಇವರಿಬ್ಬರಿಗಿಂತ ಭಿನ್ನ: ಸರಳವಾದ, ದನಿ ಏರಿಸದ, ಮನೆಯಲ್ಲಿ ಕುಳಿತು ಆಡಿದಂಥ ಮಾತಿನಲ್ಲೇ ಕಟಕಿಯನ್ನು ಅಡಗಿಸುವ ದಾರಿ ಅದು. ಕೂಗದೆ ಆಡಿದ ಮೂದಲಿಕೆಗೆ ಉತ್ತರ ಕೊಡುವುದು ಹೆಚ್ಚು ಕಷ್ಟ, ಏಕೆಂದರೆ ಉತ್ತರದಲ್ಲಿ ದನಿ ಏರಿದರೆ ಚುಚ್ಚಿದ್ದು ತಗಲಿತೆಂದು ಸಭೆಗೆ ಗೊತ್ತಾಗಿಬಿಡುತ್ತದೆ.

ಮೂದಲಿಕೆ ಎಲ್ಲಿ ಕಲೆಯಾಗಿ ಉಳಿಯುತ್ತದೆ, ಎಲ್ಲಿ ಜಾರಿಬೀಳುತ್ತದೆ ಎಂಬ ಪ್ರಶ್ನೆಗೆ ಮಹಾಭಾರತದ ಕರ್ಣಪರ್ವವೇ ಒಂದು ಉತ್ತರ ಇಟ್ಟಿದೆ. ಕರ್ಣನ ಸಾರಥಿಯಾಗಲು ಒಪ್ಪಿದ ಮದ್ರದೇಶದ ಅರಸ ಶಲ್ಯನು, ಯುದ್ಧದ ಹೊತ್ತಿನಲ್ಲಿ ಕರ್ಣನ ಉತ್ಸಾಹ ಕುಂದಿಸುವುದಾಗಿ ಧರ್ಮರಾಯನಿಗೆ ಮೊದಲೇ ಮಾತು ಕೊಟ್ಟವನು. ಅರ್ಜುನನನ್ನು ಈಗಲೇ ಕೊಂದೇನೆಂದು ಕರ್ಣ ಕೊಚ್ಚಿಕೊಂಡಾಗ ಶಲ್ಯ ಒಂದು ಕಥೆ ಹೇಳುತ್ತಾನೆ: ಶ್ರೀಮಂತನ ಮನೆಯ ಮಕ್ಕಳ ಎಂಜಲು ತಿಂದು ಕೊಬ್ಬಿದ ಕಾಗೆಯೊಂದು ಹಂಸಗಳಿಗೆ ಪಂಥ ಒಡ್ಡಿ, ನೂರೊಂದು ಬಗೆಯ ಹಾರಾಟ ಬಲ್ಲೆನೆಂದು ಕುಣಿದು, ಸಮುದ್ರದ ನಡುವೆ ರೆಕ್ಕೆ ಸೋತು ನೀರಿಗೆ ಬಿದ್ದು, ಕೊನೆಗೆ ಹಂಸವೇ ಅದನ್ನು ಎತ್ತಿ ತಂದು ದಡ ಮುಟ್ಟಿಸಿದ ಕಥೆ. ಕಾಗೆ ಯಾರು, ಹಂಸ ಯಾರು, ಎಂಜಲು ಹಾಕಿದವರು ಯಾರು ಎಂಬುದು ಕೇಳಿದವರಿಗೆಲ್ಲ ತಿಳಿಯುತ್ತದೆ. ವಂಚನೆಯ ಉದ್ದೇಶದಿಂದ ಹೇಳಿದ್ದಾದರೂ ಮೂದಲಿಕೆಯ ಕೌಶಲದಲ್ಲಿ ಇದಕ್ಕೆ ಕೊರತೆಯಿಲ್ಲ. ಇದಕ್ಕೆ ಕರ್ಣ ಕೊಟ್ಟ ಉತ್ತರದಲ್ಲಿ ಶಲ್ಯನೊಬ್ಬನೇ ಇಲ್ಲ. ಅವನ ನಾಡು, ಆ ನಾಡಿನ ಜನರ ಊಟ, ಕುಡಿತ, ಅಲ್ಲಿಯ ಹೆಂಗಸರ ನಡತೆ ಎಲ್ಲವನ್ನೂ ಅವನು ಒಂದೊಂದಾಗಿ ಹೀನಾಯವಾಗಿ ಹಳಿಯುತ್ತಾನೆ. ಕರ್ಣನ ಪಕ್ಷಪಾತಿಗಳು ಕನ್ನಡದಲ್ಲಿ ಪಂಪನ ಕಾಲದಿಂದ ಇದ್ದಾರೆ, ಅವರ ಪಕ್ಷಪಾತಕ್ಕೆ ಕಾರಣಗಳೂ ಇವೆ. ಆದರೆ ಈ ಒಂದು ವಾಗ್ವಾದದಲ್ಲಿ ಅವನು ಸೋತನೆಂದೇ ಹೇಳಬೇಕು. ಎದುರಿಗಿರುವ ಒಬ್ಬನ ನಡತೆಗೆ ಉತ್ತರಿಸಲಾಗದೆ, ಎದುರಿಗಿಲ್ಲದ ಸಾವಿರಾರು ಜನರ ಹುಟ್ಟನ್ನು ಬೈದಲ್ಲಿಗೆ ಮಾತಿನ ಕಸುಬು ಮುಗಿಯಿತು. ಶಿಶುಪಾಲನದೂ ಇಂಥದೇ ಸೋಲು: ನೂರು ಅಪರಾಧಗಳವರೆಗೆ ಕ್ಷಮೆಯ ರಕ್ಷೆಯಿದ್ದರೂ ರಾಜಸೂಯದ ಸಭೆಯಲ್ಲಿ ಅವನು ಆಡಿದ ನಿಂದೆಗಳಲ್ಲಿ ಎಣಿಸಲು ಸಂಖ್ಯೆಯಿದೆ, ನೆನಪಿಡಲು ಚಮತ್ಕಾರವಿಲ್ಲ.

ಮುಂಬಯಿಯ ಕನ್ನಡಿಗರಿಗೆ ಕರ್ಣನಂತೆ ಇಡೀ ಜನವರ್ಗವನ್ನೇ ಹಳಿಯುವ ಬಗೆಯ ನಿಂದೆ ಪುರಾಣದಿಂದಷ್ಟೇ ಪರಿಚಿತವಲ್ಲ. ವ್ಯಂಗ್ಯಚಿತ್ರಕಾರ ಬಾಳ ಠಾಕ್ರೆ 1960ರಲ್ಲಿ ಆರಂಭಿಸಿದ ‘ಮಾರ್ಮಿಕ್’ ವಾರಪತ್ರಿಕೆ ಕಚೇರಿಗಳಲ್ಲಿರುವ ದಕ್ಷಿಣ ಭಾರತೀಯರ ಹೆಸರುಗಳ ಪಟ್ಟಿಗಳನ್ನು ಪ್ರಕಟಿಸಿತು. 1966ರ ಜೂನ್ 19ರಂದು ಶಿವಸೇನೆ ಸ್ಥಾಪನೆಯಾದ ಮೇಲೆ ಲುಂಗಿಗೂ ಪುಂಗಿಗೂ ಪ್ರಾಸ ಕೂಡಿಸಿದ ಘೋಷಣೆ ಬೀದಿಗೆ ಬಂತು, ಉಡುಪಿ ಹೋಟೆಲುಗಳ ಮೇಲೆ ಕಲ್ಲುಗಳೂ ಬಿದ್ದವು. ಆ ಘೋಷಣೆಯಲ್ಲಿ ಪ್ರಾಸವಿತ್ತು, ನಗುವವರೂ ಇದ್ದರು, ಆದ್ದರಿಂದ ಅದನ್ನೂ ಚತುರ ಮೂದಲಿಕೆಯೆಂದು ಕರೆಯುವವರು ಉಂಟು. ಆದರೆ ಮೂದಲಿಸಲ್ಪಟ್ಟವನ ಯಾವ ಕೃತ್ಯವನ್ನೂ ಅದು ಹೆಸರಿಸುವುದಿಲ್ಲ, ಉಡುವ ಬಟ್ಟೆಯೇ ಅಪರಾಧ. ಉತ್ತರ ಕೊಡಲು ವೇದಿಕೆಯಿಲ್ಲ, ಬಾಯಿ ತೆರೆದರೆ ಗಾಜು ಒಡೆಯುವ ಭಯ. ಒಡೆದ ಗಾಜನ್ನು ಗುಡಿಸಿ ಮರುದಿನ ಇಡ್ಲಿ ಬೇಯಿಸಿದ್ದನ್ನು ಉತ್ತರವೆಂದು ಕರೆಯುವುದಾದರೆ ಕರೆಯಬಹುದು, ಆದರೆ ಅದು ಮಾತಿನ ಉತ್ತರವಲ್ಲ.

ಇದನ್ನು ಹೇಳುವಾಗ ಮರಾಠಿಯವರಿಗೆ ಅನ್ಯಾಯವಾಗಬಾರದು, ಏಕೆಂದರೆ ಇದೇ ನಗರದಲ್ಲಿ ಮೂದಲಿಕೆಯ ಮಹಾರಾಜನೊಬ್ಬ ಮರಾಠಿಯಲ್ಲೇ ಬಾಳಿದ. ಆಚಾರ್ಯ ಪ್ರ. ಕೆ. ಅತ್ರೆ (1898–1969) ತಮ್ಮ ಕಾಲದ ಭಾವುಕ ಕವಿಗಳನ್ನು 1925ರ ‘ಝೆಂಡೂಚೀ ಫುಲೆ’ ಎಂಬ ಅಣಕವಾಡುಗಳ ಸಂಕಲನದಲ್ಲಿ ಗೇಲಿ ಮಾಡಿದವರು; ಸಂಯುಕ್ತ ಮಹಾರಾಷ್ಟ್ರ ಚಳವಳಿಯ ದಿನಗಳಲ್ಲಿ ‘ಮರಾಠಾ’ ದಿನಪತ್ರಿಕೆಯಿಂದ ಮೊರಾರ್ಜಿ ದೇಸಾಯಿ, ಸ. ಕಾ. ಪಾಟೀಲರಂಥ ಅಧಿಕಾರಸ್ಥರನ್ನು ನಿತ್ಯವೂ ಝಾಡಿಸಿದವರು. ಅವರ ಅತಿಶಯೋಕ್ತಿ ಎಲ್ಲ ವೇಳೆಯೂ ಹದದಲ್ಲಿರಲಿಲ್ಲವಾದರೂ ಗುರಿ ಮಾತ್ರ ಮೇಲಿನವರ ಕಡೆಗಿತ್ತು, ಮತ್ತು ಆ ಮೇಲಿನವರಿಗೆ ಉತ್ತರಿಸಲು ಅಧಿಕಾರವೂ ಪತ್ರಿಕೆಗಳೂ ಇದ್ದವು. ಹಳ್ಳಿಗಳಲ್ಲಿ ಮರಾಠಿಯ ಕಲಗೀ–ತುರಾ ಮತ್ತು ಉತ್ತರ ಕರ್ನಾಟಕದ ಹರದೇಶಿ–ನಾಗೇಶಿ ಹಾಡಿಕೆಗಳು ಒಂದೇ ಸಂಪ್ರದಾಯದ ಎರಡು ಕವಲುಗಳು: ಹರದೇಶಿಯವರು ಗಂಡು ಹೆಚ್ಚೆಂದೂ ನಾಗೇಶಿಯವರು ಹೆಣ್ಣು ಹೆಚ್ಚೆಂದೂ ಪಕ್ಷ ಹಿಡಿದು ಇರುಳಿಡೀ ಸವಾಲು–ಜವಾಬಿನಲ್ಲಿ ಒಬ್ಬರನ್ನೊಬ್ಬರು ಹಳಿಯುತ್ತಾರೆ. ಹೊರಗಿನ ಲೋಕದಲ್ಲಿಯೂ ಇಂಥ ವ್ಯವಸ್ಥೆಗಳಿಗೆ ಕೊರತೆಯಿಲ್ಲ; ಸ್ಕಾಟ್ಲೆಂಡಿನ ಆಸ್ಥಾನದಲ್ಲಿ 1500ರ ಸುಮಾರಿಗೆ ಕವಿಗಳು ಪರಸ್ಪರ ಬೈದಾಡುವುದನ್ನೇ ಕಾವ್ಯಸ್ಪರ್ಧೆಯಾಗಿಸಿದ್ದರು. ಅರಬ್ಬೀ ಕವಿಗಳಾದ ಜರೀರ್ ಮತ್ತು ಫರಝ್ದಕ್ ಎಂಟನೆಯ ಶತಮಾನದವರೆಗೆ ದಶಕಗಳ ಕಾಲ ಒಬ್ಬರ ಛಂದಸ್ಸು, ಪ್ರಾಸಗಳನ್ನೇ ಇನ್ನೊಬ್ಬರು ಹಿಡಿದು ನಿಂದಾಕಾವ್ಯ ಬರೆದರು, ಮತ್ತು ಫರಝ್ದಕ್ ತೀರಿಕೊಂಡಾಗ ಜರೀರನೇ ಶೋಕಗೀತೆ ರಚಿಸಿದ. ಎದುರಾಳಿಯ ಛಂದಸ್ಸಿನಲ್ಲೇ ಉತ್ತರಿಸಬೇಕೆಂಬ ಆ ನಿಯಮಕ್ಕೂ ಎದುರಾಳಿಯ ಮಾತಿನಿಂದಲೇ ಉತ್ತರ ಎತ್ತಬೇಕೆಂಬ ಕೂಟದ ವಾಡಿಕೆಗೂ ಹೆಚ್ಚಿನ ದೂರವಿಲ್ಲ.

ತಾಳಮದ್ದಳೆಯನ್ನು ನಿರ್ದೋಷಿಯೆಂದು ಬಣ್ಣಿಸುವುದು ಸರಿಯಾಗಲಾರದು. ‘ಗೊಲ್ಲ’, ‘ಸೂತಪುತ್ರ’, ‘ದಾಸೀಪುತ್ರ’ ಎಂಬ ಹುಟ್ಟಿನ ಮೂದಲಿಕೆಗಳು ಕಥೆಗಳ ಒಳಗೇ ಇವೆ. ಕೃಷ್ಣ ಸಂಧಾನದಲ್ಲಿ ವಿದುರನ ಮನೆಯಲ್ಲಿ ಉಂಡ ಕೃಷ್ಣನನ್ನು ಕೌರವ ಹಂಗಿಸುವುದು ಈ ನೆಲೆಯಿಂದಲೇ. ಸಮರ್ಥ ಅರ್ಥಧಾರಿ ಇಂಥ ಮಾತನ್ನು ಕೌರವನ ಪಾತ್ರದ ಕುರುಡಾಗಿ ತೋರುವಂತೆ ಆಡುತ್ತಾನೆ, ಅಸಮರ್ಥನು ಅದನ್ನೇ ಸಭೆಯನ್ನು ನಗಿಸುವ ಅಗ್ಗದ ಸರಕಾಗಿ ಬಳಸುತ್ತಾನೆ, ಮತ್ತು ನಗುವವರು ಸಿಕ್ಕಿಬಿಟ್ಟರೆ ಮುಂದಿನ ಕೂಟದಲ್ಲಿಯೂ ಅದೇ ಸರಕು ಬರುತ್ತದೆ. ಇನ್ನೊಂದು ಜಾರುವಿಕೆ, ಪಾತ್ರವನ್ನು ಬಿಟ್ಟು ಪಾತ್ರಧಾರಿಯನ್ನು ಕುಟುಕುವುದು: ಎದುರಿನವರ ವಯಸ್ಸು, ಉದ್ಯೋಗ, ಮರೆವು, ಉಚ್ಚಾರದ ದೋಷ ಇವುಗಳನ್ನು ಪುರಾಣದ ಮುಸುಕಿನಲ್ಲಿ ಎತ್ತಿ ಆಡುವುದು. ವೈಯಕ್ತಿಕಕ್ಕೆ ಇಳಿಯಬಾರದೆಂಬ ವಿವೇಕ ಕೂಟದ ಹಿರಿಯರಲ್ಲಿ ಬಲವಾಗಿದೆ, ಆದರೆ ಅದು ಎಲ್ಲ ಕೂಟಗಳಲ್ಲಿಯೂ ಪಾಲನೆಯಾಗುವುದಿಲ್ಲ. ಇಂಥ ಎಡೆಗಳಲ್ಲಿ ಭಾಗವತರ ಜವಾಬ್ದಾರಿ ದೊಡ್ಡದು, ಏಕೆಂದರೆ ಮಾತು ಹಳಿ ತಪ್ಪಿತೆಂದು ಕಂಡಾಗ ಮುಂದಿನ ಪದ್ಯವನ್ನು ಎತ್ತಿಕೊಂಡು ಮಾತನ್ನು ಕತ್ತರಿಸುವ ಅಧಿಕಾರ ಅವರಿಗಿದೆ. ಬೀದಿಯ ಜಗಳಕ್ಕೆ ಈ ಸೌಕರ್ಯವಿಲ್ಲದ್ದರಿಂದ ಅಲ್ಲಿ ಕಾನೂನು ಬರಬೇಕಾಗುತ್ತದೆ: ಶಾಂತಿಭಂಗಕ್ಕೆ ಪ್ರಚೋದಿಸುವ ಉದ್ದೇಶಪೂರ್ವಕ ಅವಮಾನ ಹಿಂದೆ ಭಾರತೀಯ ದಂಡ ಸಂಹಿತೆಯ 504ನೆಯ ಕಲಮಿನಡಿ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 352ನೆಯ ಕಲಮಿನಡಿ ಅಪರಾಧ, ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕವಾಗಿ ಅವಮಾನಿಸುವುದಕ್ಕೆ 1989ರ ಪ್ರತ್ಯೇಕ ಕಾಯಿದೆಯೇ ಇದೆ. ಹುಟ್ಟಿನ ಮೂದಲಿಕೆಗೆ ‘ತಮಾಷೆಗೆ ಹೇಳಿದ್ದು’ ಎಂಬ ಸಮಜಾಯಿಷಿ ಕಾನೂನಿನಲ್ಲೂ ನಡೆಯಬಾರದು, ಕಲೆಯಲ್ಲೂ ನಡೆಯಬಾರದು.

ಇಂದಿನ ತೊಂದರೆ ಬೇರೊಂದು ಕಡೆಯಿಂದ ಬಂದಿದೆ. ಇರುಳಿಡೀ ನಡೆಯುತ್ತಿದ್ದ ಕೂಟ ಮೂರು ನಾಲ್ಕು ಗಂಟೆಗೆ ಇಳಿದದ್ದು ನಗರದ ಅನಿವಾರ್ಯತೆ. ಕಡೆಯ ಲೋಕಲ್ ರೈಲು ಹಿಡಿಯಬೇಕಾದ ಶ್ರೋತೃವಿಗೆ ಸೂರ್ಯೋದಯದವರೆಗೆ ಕೂರೆಂದು ಹೇಳಲಾಗದು. ಕಾಲ ಕಡಿಮೆಯಾದದ್ದರಿಂದ ಪೀಠಿಕೆ, ಅಂದರೆ ಪಾತ್ರ ತನ್ನನ್ನು ತಾನು ಪರಿಚಯಿಸಿಕೊಳ್ಳುವ ಮೊದಲ ಮಾತು, ಕಿರಿದಾಗಿದೆ, ಅದರಿಂದ ದೊಡ್ಡ ನಷ್ಟವಿಲ್ಲ. ನಷ್ಟವಾಗುತ್ತಿರುವುದು ಮೊಬೈಲಿನ ತುಣುಕುಗಳಿಂದ. ಎರಡು ಗಂಟೆಯ ಸಂವಾದದಿಂದ ಅರ್ಧ ನಿಮಿಷದ ಒಂದು ಕುಟುಕನ್ನು, ಅದಕ್ಕೆ ಹಿಂದಿನ ಪ್ರಶ್ನೆಯನ್ನೂ ಮುಂದಿನ ಉತ್ತರವನ್ನೂ ಬಿಟ್ಟು, ಕತ್ತರಿಸಿ ಹಂಚಿದಾಗ ಅದು ಅಂಗದ–ರಾವಣರ ಮಾತಾಗಿ ಉಳಿಯದೆ ಒಬ್ಬ ಕಲಾವಿದ ಇನ್ನೊಬ್ಬನ ಬಾಯಿ ಮುಚ್ಚಿಸಿದ ಸುದ್ದಿಯಾಗುತ್ತದೆ; ಆ ಸುದ್ದಿಗೆ ಹೆಚ್ಚು ನೋಟಗಳು ಸಿಗುವುದನ್ನು ಕಂಡ ಅರ್ಥಧಾರಿಯೂ ಕ್ರಮೇಣ ಎದುರಾಳಿಗೆ ಉತ್ತರಿಸುವುದನ್ನು ಬಿಟ್ಟು ತುಣುಕಿಗೆ ಒಗ್ಗುವಂತೆ ಮಾತಾಡತೊಡಗುತ್ತಾನೆ. ಇದನ್ನು ತಡೆಯಲು ದೊಡ್ಡ ಯೋಜನೆಯೇನೂ ಬೇಕಿಲ್ಲ. ಮಳೆಗಾಲದ ಕೂಟಗಳನ್ನು ಏರ್ಪಡಿಸುವ ಮುಂಬಯಿಯ ಸಂಘಗಳು ತಮ್ಮ ದಾಖಲೆಗಳನ್ನು ಸಂವಾದದ ಒಂದು ಪೂರ್ತಿ ಸುತ್ತಿಗಿಂತ ಕಡಿಮೆಯಾಗಿ ಹೊರಗೆ ಬಿಡಬಾರದು, ಸಭೆಯಲ್ಲಿ ಕುಳಿತು ಚಿತ್ರೀಕರಿಸುವವರೂ ಒಬ್ಬನ ಮಾತು ಮುಗಿದ ಕೂಡಲೇ ಮೊಬೈಲನ್ನು ಕೆಳಗಿಳಿಸದೆ ಇನ್ನೊಬ್ಬನ ಉತ್ತರದವರೆಗೆ ಹಿಡಿದುಕೊಂಡಿರಬೇಕು.